ಜೀವಕೋಶಕ್ಕೊಬ್ಬ ಪಟೇಲ ಬೇಕೆ?

ಹಿರೀಸಾವೆ ಸೀಮೆಯ ತೆಂಗಿನ ತೋಟಗಳಲ್ಲಿ ಒಂದೇ ಗೊನೆಯ ಬಲಿತ ಕಾಯಿಗಳಿಗೆ ಎರಡು ದಾರಿ. ಹೆಚ್ಚಿನವು ಅಟ್ಟ ಸೇರುತ್ತವೆ. ಸಿಪ್ಪೆ ಸುಲಿಯದೆ ವರ್ಷದ ಹತ್ತಿರ ಹತ್ತಿರ ಅಲ್ಲೇ ಬಿದ್ದಿದ್ದು, ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಎನ್ನುವಾಗ ಕೆಳಗಿಳಿದು, ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಗೆ ಹೋಗುತ್ತವೆ. ಆಯ್ದ ಕೆಲವು ಮಾತ್ರ ತೇವದ ಮಡಿಯಲ್ಲಿ ಕೂತು ಮೊಳೆಯುತ್ತವೆ. ಒಳಗೆ ನೀರಿದ್ದ ಜಾಗವನ್ನು ಸ್ಪಂಜಿನಂಥ ಬಿಳಿ ಉಂಡೆ ತುಂಬಿಕೊಂಡು ತಿರುಳನ್ನು ಕರಗಿಸಿ ಸಸಿಗೆ ಉಣ್ಣಿಸುತ್ತದೆ. ಕೊಬ್ಬರಿಯಲ್ಲಿ ಏನು ಕಡಿಮೆಯಾಯಿತು? ಅದರ ಒಂದು ತೆಳು ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಕೋಶಗಳ ಗೋಡೆ ಸಾಲುಸಾಲಾಗಿ ಕಾಣುತ್ತವೆ. ಎಣ್ಣೆ ಇದೆ, ಪ್ರೋಟೀನು ಇದೆ, ಹುಡುಕಿದರೆ ಡಿಎನ್‌ಎ ಕೂಡ ಸಿಗುತ್ತದೆ. ಜೀವ ಮಾತ್ರ ಇಲ್ಲ.

ಇಂಗ್ಲೆಂಡಿನ ರಾಬರ್ಟ್ ಹುಕ್ 1665ರಲ್ಲಿ ಬೆಂಡಿನ ಚೂರಿನಲ್ಲಿ ಕಂಡು ಹೆಸರಿಟ್ಟದ್ದೂ ಇಂಥ ಸತ್ತ ಕೋಣೆಗಳಿಗೇ. ಬದುಕಿನ ಮೂಲ ಘಟಕದ ಕಥೆ ಖಾಲಿ ಗೋಡೆಗಳಿಂದ ಶುರುವಾಯಿತು. ಅದರ ಪರಿಣಾಮ ನಮ್ಮ ತರಗತಿಗಳಲ್ಲಿ ಇನ್ನೂ ಉಳಿದಿದೆ ಎಂಬುದು ನನ್ನ ಅನಿಸಿಕೆ. ಪಾಠ ಹೇಗೆ ಸಾಗುತ್ತದೆ ನೋಡಿ: ಕೋಶಕೇಂದ್ರವೆಂದರೆ ನಿಯಂತ್ರಣ ಕೇಂದ್ರ, ಮೈಟೊಕಾಂಡ್ರಿಯಾ ಶಕ್ತಿಯ ಉಗ್ರಾಣ, ರೈಬೋಸೋಮು ಪ್ರೋಟೀನಿನ ಕಾರ್ಖಾನೆ, ಲೈಸೋಸೋಮು ಆತ್ಮಹತ್ಯಾ ಸಂಚಿ. ಪೊರೆಗೆ ಸಿಗುವುದು ಕಾಂಪೌಂಡು ಗೋಡೆಯ ಸ್ಥಾನ. ನಡುವೆ ಒಬ್ಬ ಯಜಮಾನ, ಸುತ್ತ ಆಳುಕಾಳು, ಅಂಚಿಗೆ ಬೇಲಿ. ಇದು ಜೀವಕೋಶದ ಚಿತ್ರ ಎನ್ನುವುದಕ್ಕಿಂತ ನಾವು ಬದುಕಿ ಬಂದ ವ್ಯವಸ್ಥೆಯ ಚಿತ್ರ. ಎಲ್ಲಿ ನೋಡಿದರೂ ಒಬ್ಬ ಪಟೇಲನನ್ನು ಹುಡುಕುವ ಅಭ್ಯಾಸ ಪಟೇಲಿಕೆ ಹೋದ ಮೇಲೂ ನಮ್ಮನ್ನು ಬಿಟ್ಟಿಲ್ಲ.

ನನ್ನ ವಾದ ಇಷ್ಟೆ: ಜೀವ ಯಜಮಾನನಲ್ಲಿಲ್ಲ, ಅಂಚಿನಲ್ಲಿದೆ. ಅಂಚು ದುಡಿಯುವಷ್ಟು ಹೊತ್ತು ಮಾತ್ರ ಇದೆ.

ಮೊದಲ ಸಾಕ್ಷಿ ನಮ್ಮ ರಕ್ತವೇ. ಕೆಂಪು ರಕ್ತಕಣ ಬಲಿಯುವಾಗ ತನ್ನ ಕೋಶಕೇಂದ್ರವನ್ನು ಹೊರಹಾಕುತ್ತದೆ, ಮೈಟೊಕಾಂಡ್ರಿಯಾವನ್ನೂ ಕಳೆದುಕೊಳ್ಳುತ್ತದೆ. ಆ ಮೇಲೂ ಸುಮಾರು 120 ದಿನ ಮೈತುಂಬ ಓಡಾಡಿ ಆಮ್ಲಜನಕ ಹೊರುತ್ತದೆ. ಅದನ್ನೇ ಶುದ್ಧ ನೀರಿಗೆ ಹಾಕಿ ನೋಡಿ: ನೀರು ಒಳನುಗ್ಗಿ, ಪೊರೆ ಬಿರಿದು, ನೋಡುತ್ತಿದ್ದಂತೆ ಕಥೆ ಮುಗಿಯುತ್ತದೆ. ಯಜಮಾನನಿಲ್ಲದೆ ನಾಲ್ಕು ತಿಂಗಳು, ಅಂಚಿಲ್ಲದೆ ಕೆಲವೇ ಕ್ಷಣ. ಎರಡನೆಯದು ಅಸಿಟಾಬ್ಯುಲೇರಿಯ ಎಂಬ ಕಡಲ ಪಾಚಿ. ಕೊಡೆಯ ಆಕಾರದ, ಬೆರಳುದ್ದದ ಈ ಜೀವಿ ಇಡಿಯಾಗಿ ಒಂದೇ ಕೋಶ. ಕೋಶಕೇಂದ್ರ ಇರುವುದು ಅದರ ಬುಡದಲ್ಲಿ. ಜರ್ಮನಿಯ ಹೆಮರ್ಲಿಂಗ್ 1930ರ ದಶಕದಲ್ಲಿ ಬುಡ ಕತ್ತರಿಸಿ ತೆಗೆದರು. ಉಳಿದ ಕಾಂಡ ವಾರಗಟ್ಟಲೆ ಬದುಕಿತ್ತಲ್ಲದೆ ಹೊಸ ಕೊಡೆಯನ್ನೂ ಬಿಡಿಸಿತು.

ಮೂರನೆಯದಕ್ಕೆ ದೂರ ಹೋಗಬೇಕಿಲ್ಲ. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಎಳನೀರು ಕುಡಿಯುವವರು ಗಂಟಲಿಗಿಳಿಸುವುದು ಸಾವಿರಾರು ಕೋಶಕೇಂದ್ರಗಳು ಗೋಡೆಯ ಹಂಗಿಲ್ಲದೆ ಹಂಚಿಕೊಂಡ ಒಂದೇ ಕೊಳವನ್ನು. ಯಜಮಾನರು ಸಾವಿರಾರು, ಅಂಚು ಒಂದೇ. ದ್ವಿತೀಯ ಪಿಯುಸಿ ಓದಿದವರಿಗೆ ಇದು ಗೊತ್ತಿರುತ್ತದೆ. ಕಾಯಿ ಎಳೆಯದಾಗಿರುವಾಗ ಕೇಂದ್ರಗಳು ಒಡೆದು ಒಡೆದು ಹೆಚ್ಚುತ್ತವೆ, ನಡುವೆ ತಡಿಕೆ ಏಳುವುದಿಲ್ಲ. ಆರೇಳು ತಿಂಗಳ ಹೊತ್ತಿಗೆ ಅವು ಚಿಪ್ಪಿನ ಒಳಮೈಗೆ ಹೊಂದಿಕೊಂಡು ಒಂದೊಂದಾಗಿ ಕೋಶ ಕಟ್ಟಿಕೊಳ್ಳುತ್ತವೆ. ಅದೇ ಗಂಜಿ, ಬಲಿತರೆ ಕಾಯಿ. ಈ ನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಜೀವಕೋಶದ ಒಳಗಿನ ಲಕ್ಷಣ ಇದು. ನಮ್ಮ ಕೋಶಗಳ ಒಳಗೂ ಹೀಗೆಯೇ, ಹೊರಗಿನ ದ್ರವದಲ್ಲಿ ಮಾತ್ರ ತದ್ವಿರುದ್ಧ.

ಈ ವ್ಯತ್ಯಾಸ ತಾನಾಗಿ ಉಳಿಯುವುದಿಲ್ಲ. ಹೆಚ್ಚಿದ್ದ ಕಡೆಯಿಂದ ಕಡಿಮೆ ಇದ್ದ ಕಡೆಗೆ ಹರಿದು ಸಮನಾಗುವುದು ಲೋಕದ ನಡೆ. ಅಟ್ಟದ ಕಾಯಿಯ ನೀರು ಮಾಡುವುದೂ ಅದನ್ನೇ. ಇದನ್ನು ತಡೆಯಲು ಜೀವಕೋಶದ ಪೊರೆಯಲ್ಲಿ ಪಂಪುಗಳಿವೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಗುರುತಿಸಿದ ಪಂಪು ಪ್ರತಿ ಸರದಿಗೆ 3 ಸೋಡಿಯಂ ಅಯಾನುಗಳನ್ನು ಹೊರದಬ್ಬಿ 2 ಪೊಟ್ಯಾಸಿಯಂ ಅಯಾನುಗಳನ್ನು ಒಳತರುತ್ತದೆ. ನಾವು ಸುಮ್ಮನೆ ಮಲಗಿದ್ದಾಗಲೂ ದೇಹ ಸುಡುವ ಶಕ್ತಿಯಲ್ಲಿ ದೊಡ್ಡ ಪಾಲು ಇದೊಂದೇ ಕೆಲಸಕ್ಕೆ ಖರ್ಚು. ಕಾಂಪೌಂಡು ಗೋಡೆ ಇಷ್ಟು ಉಣ್ಣುತ್ತದೆಯೇ?

ಪೊರೆಯ ದಪ್ಪ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ. ಎರಡು ಪದರ ಕೊಬ್ಬು, ಅದರಲ್ಲಿ ತೇಲುವ ಪ್ರೋಟೀನುಗಳು. ಸಿಂಗರ್ ಮತ್ತು ನಿಕಲ್ಸನ್ 1972ರಲ್ಲಿ ಕೊಟ್ಟ ಈ ಚಿತ್ರ ತಿದ್ದುಪಡಿಗಳೊಂದಿಗೆ ಇಂದಿಗೂ ನಿಂತಿದೆ. ನನ್ನನ್ನು ಹೆಚ್ಚು ಕಾಡುವುದು ಅದರ ಬಾಗಿಲುಗಳ ನಡತೆ. ಸೋಡಿಯಂ ಅಯಾನು ಪೊಟ್ಯಾಸಿಯಂಗಿಂತ ಚಿಕ್ಕದು. ಆದರೂ ಪೊಟ್ಯಾಸಿಯಂ ನಾಲೆಯಲ್ಲಿ ದೊಡ್ಡದು ಸಲೀಸಾಗಿ ನುಸುಳುತ್ತದೆ, ಚಿಕ್ಕದು ಹೊರಗೇ ಉಳಿಯುತ್ತದೆ. ರಾಡರಿಕ್ ಮೆಕಿನನ್ ಇದರ ಕಾರಣ ಕಂಡುಕೊಂಡರು. ನೀರಿನಲ್ಲಿ ಅಯಾನಿಗೆ ಸುತ್ತಲಿನ ನೀರಿನ ಕಣಗಳ ಆಸರೆ ಇರುತ್ತದೆ. ಪೊಟ್ಯಾಸಿಯಂ ಅದನ್ನು ಬಿಟ್ಟು ಬಂದರೆ ನಾಲೆಯ ಆಮ್ಲಜನಕ ಪರಮಾಣುಗಳು ಅಷ್ಟೇ ಆಸರೆ ಕೊಡುತ್ತವೆ. ಚಿಕ್ಕ ಸೋಡಿಯಂಗೆ ಅವು ಎಟುಕುವುದಿಲ್ಲ. ಬಾಗಿಲು ಗಾತ್ರ ಅಳೆಯುತ್ತಿಲ್ಲ, ಬಂದವನ ಆತುಕೊಳ್ಳುವಿಕೆಯನ್ನು ನೋಡುತ್ತಿದೆ. ಇಷ್ಟು ವಿವೇಚನೆ ಇರುವ ಜಾಗವನ್ನು ಬೇಲಿ ಎಂದು ಕರೆದು ಮುಗಿಸುವುದು ಅನ್ಯಾಯ.

ಮೈಟೊಕಾಂಡ್ರಿಯಾದ ಗುಟ್ಟೂ ಪೊರೆಯಲ್ಲೇ ಇದೆ. ಪೀಟರ್ ಮಿಚೆಲ್ 1961ರಲ್ಲಿ ಹೇಳಿದ್ದು ಇದು: ಆಹಾರ ಉರಿದಾಗ ಬರುವ ಶಕ್ತಿಯಿಂದ ಪ್ರೋಟಾನುಗಳನ್ನು ಒಳಪೊರೆಯ ಆಚೆಗೆ ತಳ್ಳಲಾಗುತ್ತದೆ, ಅವು ವಾಪಸು ಹರಿಯುವ ರಭಸದಲ್ಲಿ ಜೀವಕೋಶ ಖರ್ಚು ಮಾಡುವ ಶಕ್ತಿಯ ನಾಣ್ಯವಾದ ಎಟಿಪಿ ತಯಾರಾಗುತ್ತದೆ. ಆಗ ನಂಬಿದವರು ಕಡಿಮೆ. 1978ರಲ್ಲಿ ನೊಬೆಲ್ ಬಂತು. ಅದಕ್ಕೂ ಮೊದಲೇ, 1930ರ ದಶಕದ ಅಮೆರಿಕದಲ್ಲಿ, ತೂಕ ಇಳಿಸಲು ಡೈನೈಟ್ರೋಫೀನಾಲ್ ಎಂಬ ಮದ್ದು ಮಾರುತ್ತಿದ್ದರು. ಅದು ಮೈಟೊಕಾಂಡ್ರಿಯಾವನ್ನು ಒಡೆಯುವುದಿಲ್ಲ, ಒಳಪೊರೆಯನ್ನು ಸೋರುವಂತೆ ಮಾಡುತ್ತದೆ, ಅಷ್ಟೆ. ಉಗ್ರಾಣ, ಯಂತ್ರ, ಇಂಧನ ಎಲ್ಲವೂ ಇದ್ದಲ್ಲೇ ಇದ್ದವು. ಎರಡು ಬದಿಯ ವ್ಯತ್ಯಾಸವೊಂದು ಅಳಿಸಿಹೋಯಿತು. ಶಕ್ತಿಯೆಲ್ಲ ಬರಿಯ ಕಾವಾಗಿ ಹೋಗಿ, ಮೈ ಬೆಂದು ಜನ ಸತ್ತರು. 1938ರಲ್ಲಿ ಅಲ್ಲಿನ ಸರ್ಕಾರ ಅದು ಮನುಷ್ಯರ ಸೇವನೆಗೆ ತಕ್ಕದ್ದಲ್ಲ ಎಂದಿತು.

ಎದುರು ವಾದ ಗಟ್ಟಿಯಾಗಿಯೇ ಇದೆ. ಬರಿಯ ಪೊರೆ ಸೋಪಿನ ಗುಳ್ಳೆಯಂತೆ ಜಡ. ಪಂಪು ಕಟ್ಟುವ ವಿವರ ಬರುವುದು ಡಿಎನ್‌ಎಯಿಂದ. ಕೆಂಪು ರಕ್ತಕಣ ಹಳೆಯ ಪಂಪು ಸವೆಸುತ್ತಾ ಬದುಕುತ್ತದೆ, ಹೊಸದು ಮಾಡಲಾರದು, ಮರಿ ಹಾಕಲಾರದು. ಹೆಮರ್ಲಿಂಗರ ಪ್ರಯೋಗವೂ ಕೊಡೆಯ ಆಕಾರ ತೀರ್ಮಾನಿಸುವುದು ಕೋಶಕೇಂದ್ರ ಎಂದೇ ತೋರಿಸಿತು. ಒಪ್ಪಿದೆ. ಆದರೆ ಇದು ಶಾನುಭೋಗರ ಕೆಲಸ, ಪಟೇಲರದ್ದಲ್ಲ. ಲೆಕ್ಕದ ಪುಸ್ತಕ ಅಲ್ಲಿದೆ, ಕಾಪಾಡಬೇಕಾದದ್ದು ನಿಜ. ಯಾವ ಪುಟ ತೆರೆಯಬೇಕೆಂಬ ಕರೆ ಹೊರಗಿನಿಂದ, ಬಹುಪಾಲು ಪೊರೆಯ ಮೂಲಕ ಬರುತ್ತದೆ. ಕೊಬ್ಬರಿಯಲ್ಲಿ ಪುಸ್ತಕ ಉಳಿದಿದೆ, ಊರು ಖಾಲಿಯಾಗಿದೆ.

ಇದು ಬರೀ ಮಾತಿನ ಕಸರತ್ತಲ್ಲ. ಕಾಲರಾ ತಗುಲಿದ ಕರುಳು ನೀರನ್ನು ಸುರಿಯುತ್ತದೆ, ಕುಡಿಸಿದ ಬರಿನೀರು ದಕ್ಕುವುದಿಲ್ಲ. ಆದರೆ ಗ್ಲೂಕೋಸನ್ನೂ ಸೋಡಿಯಂ ಅನ್ನೂ ಜೊತೆಯಾಗಿ ಒಳಕ್ಕೆ ಬಿಡುವ ಬಾಗಿಲು ಆಗಲೂ ತೆರೆದಿರುತ್ತದೆ. ಅವೆರಡರ ಹಿಂದೆ ನೀರು ಹೋಗುತ್ತದೆ. ಈ ಜೋಡಿ ಸಾಗಣೆಯ ವಿಚಾರವನ್ನು ರಾಬರ್ಟ್ ಕ್ರೇನ್ 1960ರಲ್ಲಿ ಮುಂದಿಟ್ಟರು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ನರಕ್ಕೆ ಏರಿಸುವ ಸಲೈನು ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಾಲನೊಬಿಸ್ ಉಪ್ಪು, ಗ್ಲೂಕೋಸು, ಅಡುಗೆ ಸೋಡಾ ಬೆರೆಸಿದ ನೀರನ್ನು ಬಾಯಿಗೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ನಮ್ಮ ಕಡೆ ಭೇದಿಯಾದವರಿಗೆ ಉಪ್ಪು ಹಾಕಿದ ಗಂಜಿ ಕುಡಿಸುವುದರ ಹಿಂದಿನ ನ್ಯಾಯವೂ ಇದೇ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಸೋಡಿಯಂ ಸಾಲದು. ತೀವ್ರ ಭೇದಿಗೆ ಅದು ಇಂಥ ಉಪ್ಪು-ಗ್ಲೂಕೋಸಿನ ದ್ರಾವಣವಾದ ಓಆರ್‌ಎಸ್‌ನ ಬದಲಿ ಅಲ್ಲ.

ಅಂಚೇ ಜೀವ ಎಂದ ಕೂಡಲೇ ಅದನ್ನು ದೇಶ, ಜಾತಿ, ಭಾಷೆಗಳ ಬೇಲಿಗೆ ಸಮರ್ಥನೆಯಾಗಿ ಎಳೆಯುವವರು ಇದ್ದೇ ಇರುತ್ತಾರೆ. ಅವರಿಗೆ ಇಲ್ಲಿ ಸಿಗುವುದು ಏನೂ ಇಲ್ಲ. ಒಳಹೊರಗಿನ ವ್ಯವಹಾರ ನಿಂತ ಪೊರೆ ಸತ್ತ ಪೊರೆ. ಬೇಲಿಯೇ ಬೇಡ ಎನ್ನುವವರಿಗೂ ಜೀವಕೋಶ ಸಾಕ್ಷಿ ಹೇಳುವುದಿಲ್ಲ. ಸಮಾಜದ ನೀತಿಯನ್ನು ನಾವೇ ವಾದಿಸಿ ಕಟ್ಟಿಕೊಳ್ಳಬೇಕು, ಜೀವಶಾಸ್ತ್ರದಿಂದ ಕಡ ತರಬಾರದು.

ಜೀವಶಾಸ್ತ್ರದ ಮೇಷ್ಟ್ರುಗಳಲ್ಲಿ, ಅದರಲ್ಲೂ ತೆಂಗಿನ ಸೀಮೆಯವರಲ್ಲಿ, ಒಂದು ವಿನಂತಿ. ಪರೀಕ್ಷೆಯಲ್ಲಿ ಅಂದವಾದ ಕೋಶದ ಚಿತ್ರ ಬರೆದು ಭಾಗಗಳ ಹೆಸರು ಗುರುತಿಸಿದ್ದಕ್ಕೆ ಕೊಡುವ ಅಂಕಗಳಲ್ಲಿ ಅರ್ಧವನ್ನು ಬೇರೆ ಪ್ರಶ್ನೆಗೆ ಕೊಡಿ: ಈ ಕೋಶದ ಪಂಪುಗಳು ಈಗ ನಿಂತರೆ ಮೊದಲು ಏನಾಗುತ್ತದೆ, ಏಕೆ?