ಸೋಂಕಿತರ ತಲೆಬುರುಡೆಗೂ ಒಂದು ಸ್ಥಾನ

ಡ್ಯಾನಿ ಬಾಯ್ಲ್ ನಿರ್ದೇಶಿಸಿ ಅಲೆಕ್ಸ್ ಗಾರ್ಲೆಂಡ್ ಬರೆದ ‘28 ಡೇಸ್ ಲೇಟರ್’ ತೆರೆಗೆ ಬಂದದ್ದು 2002ರಲ್ಲಿ. ಕೇಂಬ್ರಿಡ್ಜಿನ ಪ್ರಯೋಗಾಲಯದ ಚಿಂಪಾಂಜಿಗಳಿಂದ ಹೊರಬಿದ್ದ ‘ರೇಜ್’ ವೈರಸ್ ಬ್ರಿಟನ್ನನ್ನೇ ನುಂಗಿಹಾಕಿದ ಕಥೆ ಅದು. ಎರಡನೆಯ ಭಾಗ 2007ರಲ್ಲಿ ಬೇರೊಬ್ಬ ನಿರ್ದೇಶಕರ ಕೈಯಿಂದ ಬಂತು. ಆಮೇಲೆ 18 ವರ್ಷ ಬರೀ ಕಾಯುವುದೇ ಆಯಿತು. 2025ರ ಜೂನ್‌ನಲ್ಲಿ ಬಾಯ್ಲ್ ಮತ್ತು ಗಾರ್ಲೆಂಡ್ ಮತ್ತೆ ಜೊತೆಗೂಡಿ ‘28 ಇಯರ್ಸ್ ಲೇಟರ್’ ತಂದಾಗ ಅಭಿಮಾನಿಗಳು ಬಯಸಿದ್ದು ಮೊದಲ ಚಿತ್ರದ ಓಟ, ಉಸಿರು ಬಿಗಿಹಿಡಿಸುವ ಭಯ. ಅವೆರಡೂ ಇದರಲ್ಲಿವೆ. ಆದರೆ ಚಿತ್ರದ ತಿರುಳು ಅದಲ್ಲ. ಕಾಡಿನ ನಡುವೆ ಒಬ್ಬನೇ ಬದುಕುತ್ತ ಸತ್ತವರ ಮೂಳೆಗಳಿಂದ ಗುಡಿ ಕಟ್ಟುತ್ತಿರುವ ಡಾಕ್ಟರ್ ಇಯಾನ್ ಕೆಲ್ಸನ್ ಎಂಬ ವೃದ್ಧ ಇಲ್ಲಿ ಹಳೆಯದೊಂದು ಧಾರ್ಮಿಕ ಪ್ರಶ್ನೆಯನ್ನು ನಮ್ಮ ಮುಂದಿಡುತ್ತಾನೆ. ನಮ್ಮನ್ನು ಕೊಲ್ಲಲು ಬಂದವನು, ಮನುಷ್ಯನೆಂದು ನಾವು ಒಪ್ಪದವನು ಸತ್ತರೆ ಅವನಿಗೆ ನಾವೇನಾದರೂ ಸಲ್ಲಿಸಬೇಕೇ? ಸಲ್ಲಿಸಬೇಕು, ಅದಕ್ಕೆ ಅವನ ಯೋಗ್ಯತೆಯ ಪುರಾವೆ ಬೇಕಿಲ್ಲ ಎಂಬುದು ಕೆಲ್ಸನ್‌ನ ಉತ್ತರ. ಆ ಉತ್ತರ ಸರಿ ಎಂದೇ ನನ್ನ ವಾದ.

ಕೆಲ್ಸನ್ ಮಾಡುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ರೇಫ್ ಫೈನ್ಸ್ ನಟಿಸಿರುವ ಈ ಪಾತ್ರ ಸೋಂಕು ತಗಲದಂತೆ ಮೈಗೆಲ್ಲ ಅಯೋಡಿನ್ ಬಳಿದುಕೊಂಡು ಕೆಂಗಂದು ಬಣ್ಣಕ್ಕೆ ತಿರುಗಿದೆ. ಹೆಣಗಳನ್ನು ತಂದು ಸುಡುತ್ತಾನೆ, ಮೂಳೆಗಳನ್ನು ಸ್ವಚ್ಛ ಮಾಡುತ್ತಾನೆ, ಕೈಕಾಲಿನ ಉದ್ದ ಮೂಳೆಗಳನ್ನು ಕಂಬಗಳಾಗಿ ನಿಲ್ಲಿಸುತ್ತಾನೆ. ನಡುವೆ ತಲೆಬುರುಡೆಗಳದ್ದೇ ಒಂದು ಗೋಪುರ. ಅದರಲ್ಲಿ ಸೋಂಕಿತರವೂ ಇವೆ, ಸೋಂಕು ತಗಲದವರವೂ ಇವೆ, ಬೇರೆ ಬೇರೆ ಸಾಲುಗಳಿಲ್ಲ. ಎರಿಕ್ ಎಂಬ ಸ್ವೀಡನ್ನಿನ ಯುವ ಸೈನಿಕನ ಪ್ರಸಂಗವಂತೂ ಮರೆಯುವಂಥದಲ್ಲ. ಆಗತಾನೇ ಹೆತ್ತ ಸೋಂಕಿತ ಹೆಂಗಸನ್ನು ಅವನು ಗುಂಡಿಟ್ಟು ಕೊಲ್ಲುತ್ತಾನೆ, ಸೋಂಕಿಲ್ಲದೆ ಹುಟ್ಟಿದ ಆ ಕೂಸಿನತ್ತಲೂ ಬಂದೂಕು ತಿರುಗಿಸುತ್ತಾನೆ. ಮರುಕ್ಷಣ ಸ್ಯಾಮ್ಸನ್ ಎಂಬ ದೈತ್ಯ ಸೋಂಕಿತನ ಕೈಗೆ ಸಿಕ್ಕಿ ರುಂಡ ಕಳೆದುಕೊಳ್ಳುತ್ತಾನೆ. ಕೆಲ್ಸನ್ ಆ ರುಂಡವನ್ನೂ ಎತ್ತಿಕೊಂಡು ಹೋಗಿ, ಅಷ್ಟೇ ಶ್ರದ್ಧೆಯಿಂದ ಶುಚಿಗೊಳಿಸಿ, ಗೋಪುರಕ್ಕೆ ಸೇರಿಸುವಂತೆ ಚಿತ್ರದ ನಾಯಕ, ಹನ್ನೆರಡು ವರ್ಷದ ಸ್ಪೈಕ್‌ನ ಕೈಗೆ ಕೊಡುತ್ತಾನೆ. ಕೊಂದವನ ಬುರುಡೆ, ಅವನು ಕೊಂದಂಥವರ ಬುರುಡೆಗಳ ನಡುವೆಯೇ ನೆಲೆ ಕಾಣುತ್ತದೆ.

ದ್ವೀಪವೊಂದರಲ್ಲಿರುವ ಸ್ಪೈಕ್‌ನ ಊರಿನವರು ಕಲಿಸಿದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ಹುಡುಗ ಗಂಡಸಾಗಬೇಕಾದರೆ ಬಿಲ್ಲು ಬಾಣ ಹಿಡಿದು ಮುಖ್ಯ ಭೂಭಾಗಕ್ಕೆ ಹೋಗಿ ಸೋಂಕಿತರನ್ನು ಬೇಟೆಯಾಡಿ ಬರಬೇಕು. ಕೊಂದಷ್ಟೂ ಕೊಲ್ಲುವುದು ಸಲೀಸಾಗುತ್ತದೆ ಎಂದು ಅಪ್ಪ ಜೇಮಿ ಮಗನಿಗೆ ಹೇಳಿಕೊಡುತ್ತಾನೆ. ಅದೇ ಜನ, ಹೆಣಗಳನ್ನು ಸಾಲಾಗಿ ಮಲಗಿಸಿ ಸುಡುತ್ತಿದ್ದ ಕೆಲ್ಸನ್‌ನನ್ನು ಕಂಡು ಅವನಿಗೆ ಹುಚ್ಚು ಎಂದು ತೀರ್ಮಾನಿಸಿ ದೂರವಿಟ್ಟಿದ್ದಾರೆ. ಆತ್ಮರಕ್ಷಣೆಗೆ ಕೊಲ್ಲುವುದು ಅವರಿಗೆ ಅನಿವಾರ್ಯವಿರಬಹುದು, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ಕೊಲೆ ಸಲೀಸಾಗಬೇಕಾದರೆ ಎದುರಿನವನು ಮನುಷ್ಯನೇ ಅಲ್ಲ ಎಂದು ಮೊದಲು ನಂಬಬೇಕು. ಸತ್ತವನಿಗೆ ಸಂಸ್ಕಾರ ಮಾಡಿದರೆ ಆ ನಂಬಿಕೆಯ ಬುಡವೇ ಅಲುಗಾಡುತ್ತದೆ. ಅವರನ್ನು ಹೆದರಿಸಿದ್ದು ಕೆಲ್ಸನ್‌ನ ಹುಚ್ಚಲ್ಲ, ಅವನ ಲೆಕ್ಕದಲ್ಲಿ ಭೇದ ಇಲ್ಲದಿರುವುದು.

ಈ ವಿಚಾರ ಹೊಸದಲ್ಲ. ವಾಲ್ಮೀಕಿಯ ರಾಮ ರಾವಣನ ಅಂತ್ಯಕ್ರಿಯೆ ಮಾಡಲು ಹಿಂಜರಿದ ವಿಭೀಷಣನನ್ನು ಒಪ್ಪಿಸುತ್ತಾನೆ. ಮಹಾಭಾರತದ ಸ್ತ್ರೀಪರ್ವದಲ್ಲಿ ಯುಧಿಷ್ಠಿರ ಎರಡೂ ಪಕ್ಷದ ಹೆಣಗಳಿಗೆ, ದೂರದೇಶದಿಂದ ಬಂದು ಸತ್ತು ಅನಾಥವಾಗಿ ಬಿದ್ದವರಿಗೂ ಸೇರಿಸಿ, ದಹನದ ಏರ್ಪಾಡು ಮಾಡಿಸುತ್ತಾನೆ. ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ಆಂಟಿಗೊನಿ ದ್ರೋಹಿಯೆನಿಸಿದ ಅಣ್ಣನ ಹೆಣಕ್ಕೆ ಮಣ್ಣು ಹಾಕಲು ಅರಸನ ಆಜ್ಞೆಯನ್ನೇ ಮುರಿಯುತ್ತಾಳೆ. ಇವರಲ್ಲಿ ಯಾರೂ ಸತ್ತವನು ಒಳ್ಳೆಯವನಾಗಿದ್ದ ಎಂದು ವಾದಿಸುವುದಿಲ್ಲ. ಸಂಸ್ಕಾರ ಬಹುಮಾನವಲ್ಲ, ಅದು ಸತ್ತವನಿಗೆ ಸಲ್ಲಬೇಕಾದ ಬಾಕಿ ಎಂಬುದನ್ನು ಎಲ್ಲರೂ ಒಪ್ಪಿಕೊಂಡೇ ಹೊರಡುತ್ತಾರೆ.

ಕಥೆ ನಡೆಯುವ ನೆಲದಲ್ಲೂ ಇದರ ಬೇರಿದೆ. ಸ್ಪೈಕ್‌ನ ಊರು ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಲಿಂಡಿಸ್‌ಫಾರ್ನ್ ದ್ವೀಪ. ಸಮುದ್ರ ಇಳಿದಾಗ ಮಾತ್ರ ದಾಟಬಲ್ಲ ದಾರಿ ಅದನ್ನು ಭೂಭಾಗಕ್ಕೆ ಜೋಡಿಸುತ್ತದೆ. ಸಂತ ಏಡನ್ 635ರ ಸುಮಾರಿಗೆ ಅಲ್ಲಿ ಮಠ ಸ್ಥಾಪಿಸಿದ, 793ರಲ್ಲಿ ವೈಕಿಂಗರು ಅದರ ಮೇಲೆ ದಾಳಿ ಮಾಡಿದರು. ದಾಳಿಗಳ ಭಯದಲ್ಲಿ 875ರಲ್ಲಿ ಸನ್ಯಾಸಿಗಳು ದ್ವೀಪ ಬಿಟ್ಟಾಗ, ಎರಡು ಶತಮಾನದ ಹಿಂದೆ ತೀರಿಕೊಂಡಿದ್ದ ಸಂತ ಕತ್‌ಬರ್ಟ್‌ನ ದೇಹವನ್ನು ಹೊತ್ತುಕೊಂಡೇ ಹೊರಟರು. ಅದೇ ಪೆಟ್ಟಿಗೆಯಲ್ಲಿ ಯುದ್ಧದಲ್ಲಿ ಮಡಿದ ದೊರೆ ಆಸ್ವಾಲ್ಡ್‌ನ ತಲೆಯೂ ಇತ್ತು. ಆ ದೇಹ ಕೊನೆಗೆ ಡರಮ್ ಸೇರಿತು, ಇಂದಿಗೂ ಅಲ್ಲಿನ ಕೆಥೆಡ್ರಲ್‌ನಲ್ಲಿದೆ. ಜೀವ ಉಳಿಸಿಕೊಳ್ಳುವ ಆತುರದಲ್ಲೂ ಸತ್ತವನನ್ನು ಬಿಟ್ಟುಹೋಗದವರ ದ್ವೀಪ ಅದು. ಆದರೆ ಅವರು ಹೊತ್ತದ್ದು ಸಂತನನ್ನು, ದೊರೆಯನ್ನು. ಕೆಲ್ಸನ್ ಆ ಗೌರವವನ್ನು ಯಾರೆಂದರೆ ಯಾರಿಗೂ ವಿಸ್ತರಿಸುತ್ತಾನೆ, ಅದೇ ಅವನ ದೊಡ್ಡತನ.

ಇದಕ್ಕೆ ಆಕ್ಷೇಪಗಳಿವೆ. ಸಾಂಕ್ರಾಮಿಕದ ಕಾಲದಲ್ಲಿ ಬದುಕಿರುವವರ ಕ್ಷೇಮ ಮುಖ್ಯ, ಹೆಣದ ಮರ್ಯಾದೆ ಆಮೇಲಿನದು ಎನ್ನುವುದು ಮೊದಲನೆಯದು. ಇದಕ್ಕೆ ಉತ್ತರ ಕೆಲ್ಸನ್‌ನ ಮೈಮೇಲಿನ ಅಯೋಡಿನ್‌ನಲ್ಲೇ ಇದೆ. ಅವನು ಎಚ್ಚರಿಕೆಯನ್ನೂ ಬಿಟ್ಟಿಲ್ಲ, ಮರ್ಯಾದೆಯನ್ನೂ ಬಿಟ್ಟಿಲ್ಲ. ಇವೆರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು ಎನ್ನುವ ಮಾತು ಬಹುಮಟ್ಟಿಗೆ ನಮ್ಮ ಉದಾಸೀನಕ್ಕೆ ನಾವೇ ಕೊಟ್ಟುಕೊಳ್ಳುವ ನೆಪ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ರಾಶಿಯಲ್ಲಿ ಸೇರಿದ ಮೂಳೆಗೆ ಹೆಸರೆಲ್ಲಿದೆ? ಪ್ಯಾರಿಸ್ಸಿನ ನೆಲಮಾಳಿಗೆಗಳಲ್ಲಿ ಲಕ್ಷಾಂತರ ಜನರ ಮೂಳೆಗಳನ್ನು ಅಂದವಾಗಿ ಪೇರಿಸಿಟ್ಟಿದ್ದಾರೆ, ಅಲ್ಲಿ ಯಾರು ಯಾರೆಂದು ಹೇಳುವವರಿಲ್ಲ. ಇದನ್ನು ನಾನು ಅರ್ಧ ಒಪ್ಪುತ್ತೇನೆ. ಹೆಸರಿಲ್ಲದ ಸಮಾನತೆಯಲ್ಲಿ ಒಂದು ನಷ್ಟವಿದೆ. ಆದರೆ ಹೊಲದಲ್ಲಿ ಕೊಳೆಯುತ್ತಿದ್ದ ಆ ಸೋಂಕಿತರ ಹೆಸರು ಬಲ್ಲವರು ಯಾರೂ ಉಳಿದಿರಲಿಲ್ಲ. ಹೆಸರು ಕೊಡಲಾಗದಿದ್ದರೂ ಒಂದು ಜಾಗವನ್ನಾದರೂ ಕೊಡಬಹುದಿತ್ತು, ಅದನ್ನು ಕೆಲ್ಸನ್ ಕೊಟ್ಟ. ಸತ್ತವರಿಗೆ ಇಷ್ಟು ಮಾಡುವವನು ಬದುಕಿರುವ ಸೋಂಕಿತರಿಗೆ ಏನು ಮಾಡಿದ ಎಂದು ಯಾರಾದರೂ ಕೇಳಿದರೆ, ಸ್ಯಾಮ್ಸನ್ ಮೈಮೇಲೆ ಬಂದಾಗಲೂ ಅವನು ಮಾರ್ಫಿನ್ ಸೂಜಿ ಊದಿ ಮಲಗಿಸುತ್ತಾನೆಯೇ ಹೊರತು ಕೊಲ್ಲುವುದಿಲ್ಲ ಎಂಬುದನ್ನು ನೆನಪಿಸಿದರೆ ಸಾಕು.

ನನಗೆ ನಿಜವಾಗಿ ತೊಡಕೆನಿಸುವುದು ಸ್ಪೈಕ್‌ನ ತಾಯಿ ಐಲಾಳ ಸಾವು. ಕ್ಯಾನ್ಸರ್ ಮೈಯೆಲ್ಲ ಹಬ್ಬಿರುವ ಆಕೆ ಸಾಯಲು ಒಪ್ಪುತ್ತಾಳೆ, ಕೆಲ್ಸನ್ ನೆರವಾಗುತ್ತಾನೆ. ಮಗ ಪ್ರತಿಭಟಿಸಿದಾಗ ಅವನಿಗೂ ಮದ್ದು ಕೊಟ್ಟು ಮಂಕಾಗಿಸುತ್ತಾನೆ. ಹೆಚ್ಚು ಹೊತ್ತು ಕಳೆಯುವ ಮೊದಲೇ ತಾಯಿಯ ಬುರುಡೆ ಮಗನ ಕೈಯಲ್ಲಿರುತ್ತದೆ, ಅವನು ಗೋಪುರ ಹತ್ತಿ ಅದನ್ನು ತುತ್ತತುದಿಯಲ್ಲಿ ಇಡುತ್ತಾನೆ. ದೃಶ್ಯ ಮನ ಕಲಕುತ್ತದೆ, ಆದರೂ ಇಲ್ಲಿ ಕೆಲ್ಸನ್ ತಪ್ಪಿದ್ದಾನೆ. ಒಪ್ಪಿಗೆ ಐಲಾಳದೇ, ನಿಜ. ಆದರೆ ದುಃಖಪಡಲು, ಜಗಳವಾಡಲು, ಬೀಳ್ಕೊಡಲು ಮಗನಿಗೆ ಬೇಕಿದ್ದ ಹೊತ್ತನ್ನು ಅವನು ಕಸಿದುಕೊಂಡ. ಸತ್ತವರನ್ನು ಅಷ್ಟು ಪ್ರೀತಿಸುವವನಿಗೆ ಸಾವಿನ ಬಗ್ಗೆಯೇ ಅವಸರ ಹುಟ್ಟಬಹುದು, ಈ ಅಪಾಯವನ್ನು ಚಿತ್ರ ಸಾಕಷ್ಟು ಗಮನಿಸಿಲ್ಲ. ಹಾಗೆಂದು ಗೋಪುರದ ನ್ಯಾಯ ಸುಳ್ಳಾಗುವುದಿಲ್ಲ. ಬದುಕಿರುವವರ ದುಃಖಕ್ಕೂ ಅಲ್ಲಿ ಅಷ್ಟೇ ಜಾಗ ಇರಬೇಕಿತ್ತು.

ಕನ್ನಡಿಗರಾದ ನಮಗೆ ಇದನ್ನು ಬರೀ ಹೊರನಾಡಿನ ಕಲ್ಪನೆ ಎಂದು ಬದಿಗಿಡಲು ಬರುವುದಿಲ್ಲ. 2020ರಲ್ಲಿ ಬಳ್ಳಾರಿಯಲ್ಲಿ ಕೋವಿಡ್‌ನಿಂದ ತೀರಿಕೊಂಡವರ ದೇಹಗಳನ್ನು ಒಂದರ ಮೇಲೊಂದರಂತೆ ಗುಂಡಿಗೆ ಎಸೆದ ವಿಡಿಯೊವನ್ನು ನಾಡೆಲ್ಲ ನೋಡಿದೆ. ಜಿಲ್ಲಾಡಳಿತ ಕ್ಷಮೆ ಕೇಳಿತು. ಆ ಕ್ಷಮೆ ಕೇಳಲೇಬೇಕಾಗಿತ್ತು. ಸೋಂಕಿತರಾಗಿ ಸತ್ತರು ಎಂಬ ಕಾರಣಕ್ಕೆ ಅವರಿಗೆ ಸಲ್ಲಬೇಕಾದದ್ದು ಒಂದಿಷ್ಟೂ ಕಡಿಮೆಯಾಗಿರಲಿಲ್ಲ.