ತಪ್ಪುಕಾಣಿಕೆ ಮತ್ತು ಕೆಂಪಕ್ಷರ

ಬಚ್ಚಿಟ್ಟ ತಪ್ಪು ಒಳಗೊಳಗೇ ಕುದಿಯುವುದನ್ನು ಕಣ್ಣಿಗೆ ಕಾಣುವ ಕುರುಹಿನ ಮೂಲಕ ಹೇಳಿದ ಕಥನಗಳಲ್ಲಿ ನಥಾನಿಯಲ್ ಹಾಥಾರ್ನ್‌ನ ‘ದಿ ಸ್ಕಾರ್ಲೆಟ್ ಲೆಟರ್’ (1850) ಪ್ರಸಿದ್ಧವಾದುದು. ಕಥೆ ನಡೆಯುವುದು 17ನೇ ಶತಮಾನದ ಬಾಸ್ಟನ್‌ನಲ್ಲಿ, ಕಟ್ಟುನಿಟ್ಟಿನ ಪ್ಯೂರಿಟನ್ ಕ್ರೈಸ್ತರ ನಡುವೆ. ಗಂಡ ಜೊತೆಯಲ್ಲಿಲ್ಲದಾಗ ಮಗು ಹೆತ್ತ ಹೆಸ್ಟರ್ ಪ್ರಿನ್, ಎದೆಯ ಮೇಲೆ ವ್ಯಭಿಚಾರದ ಗುರುತಾಗಿ ಕೆಂಪು ಬಟ್ಟೆಯ ‘ಎ’ ಅಕ್ಷರ ಧರಿಸಿ ಬದುಕಬೇಕೆಂಬುದು ಶಿಕ್ಷೆ. ಅವಳು ಆ ಅಕ್ಷರಕ್ಕೆ ಚಿನ್ನದ ನೂಲಿನ ಕಸೂತಿ ಹಾಕಿಕೊಳ್ಳುತ್ತಾಳೆ. ಮಗುವಿನ ತಂದೆ, ಊರೆಲ್ಲ ಪೂಜ್ಯನೆಂದು ಕಾಣುವ ಪಾದ್ರಿ ಡಿಮ್ಸ್‌ಡೇಲ್. ಅವನ ಅಂಗಿಯ ಮೇಲೆ ಯಾವ ಅಕ್ಷರವೂ ಇಲ್ಲ. ಆದರೆ ಕೈ ಮತ್ತೆ ಮತ್ತೆ ಎದೆಗೆ ಹೋಗುತ್ತದೆ. ಏಳು ವರ್ಷದ ಬಳಿಕ, ಹೆಸ್ಟರಳನ್ನು ಶಿಕ್ಷೆಗೆಂದು ನಿಲ್ಲಿಸಿದ್ದ ಅದೇ ಕಟ್ಟೆಯನ್ನು ಊರವರ ಕಣ್ಣೆದುರೇ ಹತ್ತಿ, ತಪ್ಪೊಪ್ಪಿಕೊಂಡು ಪ್ರಾಣ ಬಿಡುತ್ತಾನೆ. ಹಾಥಾರ್ನ್‌ಗೆ ಇದು ದೂರದ ವಿಷಯವಾಗಿರಲಿಲ್ಲ. 1692ರ ಸೇಲಂ ಮಾಟಗಾತಿ ವಿಚಾರಣೆಯಲ್ಲಿ ಕುಳಿತ ನ್ಯಾಯಾಧೀಶರಲ್ಲೊಬ್ಬ ಅವನ ಪೂರ್ವಜ.

ಪ್ಯೂರಿಟನ್ನರ ಧರ್ಮದಲ್ಲಿ ಪಾಪ ತೊಳೆಯುವ ವಿಧಿ ಇಲ್ಲ. ಪಾದ್ರಿಯ ಕಿವಿಯಲ್ಲಿ ಹೇಳಿ ಹಗುರಾಗುವ ಕ್ಯಾಥೊಲಿಕ್ ಪದ್ಧತಿಯನ್ನು ಅವರು ಒಪ್ಪಲಿಲ್ಲ. ಯಾರಿಗೆ ಮುಕ್ತಿ ಎಂಬುದನ್ನು ದೇವರು ಮೊದಲೇ ತೀರ್ಮಾನಿಸಿದ್ದಾನೆ. ಮನುಷ್ಯ ತನ್ನೊಳಗೆ ಅದರ ಗುರುತು ಹುಡುಕುತ್ತಿರಬೇಕು, ಅಷ್ಟೆ. ಹೀಗೆ ಸದಾ ಗುರುತು ಹುಡುಕುವ ಸಮಾಜದಲ್ಲಿ ಬಟ್ಟೆಯ ತುಂಡು, ಆಕಾಶದ ಬೆಳಕು, ಮಗುವಿನ ನಗು ಎಲ್ಲವೂ ಸಂಕೇತವಾಗುತ್ತವೆ.

ತಪ್ಪಿನ ವಿಷಯದಲ್ಲಿ ಕರಾವಳಿಯ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ನಡೆ ಇದಕ್ಕೆ ತೀರ ಬೇರೆ. ಮನೆಯಲ್ಲಿ ಒಂದರ ಮೇಲೊಂದು ತೊಂದರೆ ಬಂದರೆ ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತಾರೆ. ಜೋಯಿಸರು ಕವಡೆ ಎಣಿಸಿ ದೋಷ ಹೇಳುತ್ತಾರೆ: ಹಿಂದೆ ಯಾರೋ ನಾಗಬನ ಕಡಿದಿದ್ದಾರೆ, ಹೊತ್ತ ಹರಕೆ ತೀರಿಸಿಲ್ಲ, ದಾಯಾದಿಯ ಪಾಲು ನುಂಗಿದ್ದಾರೆ. ಪರಿಹಾರಕ್ಕೆ ಆಶ್ಲೇಷಾ ಬಲಿ, ನಾಗಪ್ರತಿಷ್ಠೆ, ಅನುಕೂಲವಿದ್ದವರಿಗೆ ನಾಗಮಂಡಲ. ತಕ್ಷಣಕ್ಕೆ ಆಗದಿದ್ದರೆ ಬಟ್ಟೆಯ ತುಂಡಿನಲ್ಲಿ ನಾಣ್ಯ ಕಟ್ಟಿ ದೇವರ ಮುಂದೆ ಮುಡಿಪು ಇಡುವುದುಂಟು. ತಪ್ಪಿಗಾಗಿ ದೇವರಿಗೆ ಹಾಕುವ ದುಡ್ಡಿಗೆ ‘ತಪ್ಪುಕಾಣಿಕೆ’ ಎಂದೇ ಹೆಸರು. ಕಾಣಿಕೆ ಹಾಕುವವರು ತಪ್ಪು ಯಾವುದೆಂದು ಯಾರಿಗೂ ಹೇಳಬೇಕಾಗಿಲ್ಲ. ತಪ್ಪು ಒಬ್ಬನ ಎದೆಯಿಂದ ಇಳಿದು ಮನೆತನದ ಲೆಕ್ಕಕ್ಕೆ ಸೇರುತ್ತದೆ. ಮನೆತನ ಅದನ್ನು ವಿಧಿಯ ಮೂಲಕ ತೀರಿಸುತ್ತದೆ. ಹಾಗಾದರೆ ಒಬ್ಬಂಟಿಯಾಗಿ ಬೇಯುವ ಡಿಮ್ಸ್‌ಡೇಲ್‌ನಂಥವನು ಇಲ್ಲಿ ಹುಟ್ಟುವುದು ಎಲ್ಲಿ? ಕನ್ನಡದ ಕಾದಂಬರಿಗಳು ಕೊಡುವ ಉತ್ತರ: ವಿಧಿ ಸೋತ ಜಾಗದಲ್ಲಿ.

ಈ ಪರಂಪರೆಯ ಮೊದಲ ಹೆಜ್ಜೆಯಲ್ಲೇ ಕುಂದಾಪುರ ತಾಲೂಕಿನ ಊರೊಂದರ ಹೆಸರಿದೆ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಅದಕ್ಕೆ ಮನ್ನಣೆ. ಎಳೆ ವಯಸ್ಸಿನ ವಿಧವೆ ಇಂದಿರಾಬಾಯಿಯ ತಾಯ್ತಂದೆಯರು ಸಂತಮಂಡಳಿಯ ಭಕ್ತರು. ಭಜನೆ, ಪಾದಸೇವೆಗಳ ಮರೆಯಲ್ಲಿ ಆ ಸಂತರ ಕಣ್ಣು ಹೆಣ್ಣಿನ ಮೇಲೆ. ಹುಡುಗಿ ಮನೆ ಬಿಟ್ಟು ಅಮೃತರಾಯರ ಆಶ್ರಯ ಸೇರಿ, ಓದಿ, ಮರುಮದುವೆಯಾಗುತ್ತಾಳೆ. ಪೊಲೀಸ್ ಇಲಾಖೆಯಲ್ಲಿದ್ದ ಗುಲ್ವಾಡಿಯವರಿಗೆ ಒಳಗುದಿಗಿಂತ ಕಪಟವನ್ನು ಪತ್ತೆ ಹಚ್ಚುವುದು ಮುಖ್ಯ. ಅವರ ಸಂತರು ನಾಚುವವರಲ್ಲ; ವಿಧಿ ಅವರಿಗೆ ಮುಸುಕು. ಎದೆಗೆ ಹೋಗುವ ಕೈ ಈ ಪುಸ್ತಕದಲ್ಲಿಲ್ಲ.

ಅದು ಕಾಣಿಸುವುದು ಆಗುಂಬೆ ಘಾಟಿಯ ಮೇಲೆ, ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (1965). ದೂರ್ವಾಸಪುರದ ಮಾಧ್ವ ಅಗ್ರಹಾರದಲ್ಲಿ ಆಚಾರ ಬಿಟ್ಟ ನಾರಣಪ್ಪ ಸತ್ತಿದ್ದಾನೆ. ಹೆಣ ಎತ್ತುವವರೆಗೆ ಯಾರೂ ಉಣ್ಣುವಂತಿಲ್ಲ. ಎತ್ತುವವರು ಯಾರೆಂದು ತೀರ್ಮಾನವಾಗುವುದಿಲ್ಲ. ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ಓಲೆಗರಿ ತಿರುವುತ್ತಾರೆ, ಉತ್ತರವಿಲ್ಲ. ಮಾರುತಿಯ ಗುಡಿಯಲ್ಲಿ ಪ್ರಸಾದದ ಹೂವಿಗಾಗಿ ಕಾಯುತ್ತಾರೆ, ಹೂ ಬೀಳುವುದಿಲ್ಲ. ಹಿಂತಿರುಗುವಾಗ ಕಾಡಿನ ಕತ್ತಲಲ್ಲಿ ನಾರಣಪ್ಪನ ಜೊತೆ ಬಾಳಿದ ಚಂದ್ರಿಯ ಕೂಟವಾಗುತ್ತದೆ. ಇತ್ತ ಹೆಣ ನಾರುತ್ತಿದೆ, ಇಲಿಗಳು ಬೀಳುತ್ತಿವೆ, ಮಾಡಿನ ಮೇಲೆ ಹದ್ದುಗಳು ಕೂತಿವೆ. ಊರವರ ಕಣ್ಣಿಗೆ ಇದು ಶವಸಂಸ್ಕಾರ ತಡೆದದ್ದರ ಫಲ, ಓದುಗನಿಗೆ ಪ್ಲೇಗು. ಆಚಾರ್ಯರಿಗೆ ಮಾತ್ರ ಹೊರಗಿನ ಕೊಳೆತವೂ ಒಳಗಿನದೂ ಬೇರೆಯಾಗಿ ಉಳಿಯುವುದಿಲ್ಲ. ಹೆಂಡತಿ ಸತ್ತ ಸೂತಕದಲ್ಲೇ ಅವರು ಮೇಳಿಗೆಯ ಜಾತ್ರೆಯಲ್ಲಿ ದೇವಸ್ಥಾನದ ಪಂಕ್ತಿಗೆ ಕೂರುತ್ತಾರೆ. ಯಾರಾದರೂ ಗುರುತು ಹಿಡಿದಾರೆಂಬ ಭಯ ಎಲೆಯ ಮುಂದೆ ಅವರನ್ನು ಹಿಂಡುತ್ತದೆ. ಕೊನೆಗೆ ಗಾಡಿಯಲ್ಲಿ ಊರ ಕಡೆ ಹೊರಡುತ್ತಾರೆ. ಊರವರ ಮುಂದೆ ಹೇಳಿದರೇ ಎಂಬುದನ್ನು ಕಾದಂಬರಿ ಹೇಳುವುದಿಲ್ಲ. ಡಿಮ್ಸ್‌ಡೇಲ್‌ಗೆ ಹತ್ತಲು ಕಟ್ಟೆಯಾದರೂ ಇತ್ತು. ಮೈಲಿಗೆಯನ್ನಷ್ಟೇ ಬಲ್ಲ ಅಗ್ರಹಾರದಲ್ಲಿ ತಪ್ಪೊಪ್ಪಿಗೆಯ ಮಾತಿಗೆ ಜಾಗವೇ ಇಲ್ಲ.

ಅನಂತಮೂರ್ತಿಯವರದೇ ‘ಘಟಶ್ರಾದ್ಧ’ ಕಥೆಯಲ್ಲಿ, ಅದನ್ನು ಆಧರಿಸಿ ಗಿರೀಶ ಕಾಸರವಳ್ಳಿ 1977ರಲ್ಲಿ ಮಾಡಿದ ಚಿತ್ರದಲ್ಲಿ, ಸೋಲುವುದು ವಿಧಿಯಲ್ಲ, ಅದನ್ನು ನಡೆಸುವವರು. ಬಸಿರಾದ ವಿಧವೆ ಯಮುನೆ ಬದುಕಿರುವಾಗಲೇ ಅವಳ ಶ್ರಾದ್ಧ ಮಾಡಿ, ಮಡಕೆ ಒಡೆದು, ಜಾತಿಯಿಂದ ಹೊರಗೆ ಹಾಕುತ್ತಾರೆ. ಬಸಿರಿಗೆ ಕಾರಣನಾದ ಮಾಸ್ತರನಿಗೆ ಯಾವ ಮಡಕೆಯೂ ಒಡೆಯುವುದಿಲ್ಲ. ಹೆಸ್ಟರಳ ಅಕ್ಷರಕ್ಕೆ ತೀರ ಹತ್ತಿರದ ಕುರುಹು ಈ ಮಡಕೆ. ಆದರೆ ಅಕ್ಷರವನ್ನು ಧರಿಸಿದವಳು ಊರಂಚಿನಲ್ಲಾದರೂ ಬದುಕಿ, ಸೂಜಿ ಹಿಡಿದು ದುಡಿದು, ಅದರ ಅರ್ಥವನ್ನೇ ಬದಲಿಸಬಲ್ಲಳು. ಒಡೆದ ಮಡಕೆಗೆ ಮತ್ತೆ ಅರ್ಥ ತುಂಬಲು ಬರುವುದಿಲ್ಲ.

ಮೂರನೆಯ ದಾರಿ ಬ್ರಹ್ಮಾವರ ತಾಲೂಕಿನ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರದು (1902–1997). ಅವರ ‘ಮೂಕಜ್ಜಿಯ ಕನಸುಗಳು’ 1968ರಲ್ಲಿ ಪ್ರಕಟವಾಯಿತು. 1977ರಲ್ಲಿ ಜ್ಞಾನಪೀಠ ಪ್ರಶಸ್ತಿ ತಂದಿತು. ಹತ್ತರ ವಯಸ್ಸಿಗೇ ವಿಧವೆಯಾದ ಅಜ್ಜಿಯ ಹೆಸರು ಬೈಂದೂರು ತಾಲೂಕಿನ ಕೊಲ್ಲೂರಿನ ದೇವಿ ಮೂಕಾಂಬಿಕೆಯದು. ಮೊಮ್ಮಗ ಸುಬ್ಬರಾಯ ಕೈಗಿಟ್ಟ ವಸ್ತುವನ್ನು ಮುಟ್ಟಿದರೆ ಅದರ ಹಿಂದಿನದು ಅವಳಿಗೆ ಕಾಣುತ್ತದೆ. ಇಲ್ಲಿ ಕುರುಹು ಯಾರನ್ನೂ ಆರೋಪಿಸುವುದಿಲ್ಲ. ಮರೆತ ಬದುಕನ್ನು ಎಬ್ಬಿಸುತ್ತದೆ. ದಾಂಪತ್ಯದ ಸುಖವನ್ನೇ ಕಾಣದ ಮುದುಕಿ, ಆಸೆಯನ್ನು ಪಾಪವೆನ್ನಲು ಒಪ್ಪುವುದಿಲ್ಲ. ಊರು ಹಳಿಯುವ ನಾಗಿಯಂಥವಳ ಕಡೆ ಅವಳ ಮನಸ್ಸು ಕರಗುತ್ತದೆ. ಅವಳ ಮಟ್ಟಿಗೆ, ಬದುಕನ್ನು ತಡೆದು ನಿಲ್ಲಿಸಿದ್ದೇ ತಪ್ಪು.

ಮೂರೂ ಕನ್ನಡ ದಾರಿಗಳನ್ನು ಸೇರಿಸಿ ನೋಡಿದರೆ, ಪಾಪದ ಕುರುಹು ಹೊತ್ತ ಹೆಣ್ಣು ಮತ್ತು ಅದನ್ನು ಬಚ್ಚಿಟ್ಟ ಗಂಡು ಬಾಸ್ಟನ್ನಿನಲ್ಲೂ ಅಗ್ರಹಾರದಲ್ಲೂ ಒಂದೇ. ಬೇರೆಯಾಗುವುದು ಬಿಡುಗಡೆ. ಹಾಥಾರ್ನ್‌ನಲ್ಲಿ ಅದು ತಪ್ಪೊಪ್ಪಿಗೆಯಿಂದ ಬರುತ್ತದೆ, ಗುಲ್ವಾಡಿಯವರಲ್ಲಿ ಮನೆಯ ಹೊಸಿಲು ದಾಟುವುದರಿಂದ. ಅನಂತಮೂರ್ತಿಯವರಲ್ಲಿ ಇನ್ನೂ ಬಂದಿಲ್ಲ. ಕಾರಂತರ ಅಜ್ಜಿಗೆ ತಪ್ಪುಕಾಣಿಕೆ ಹಾಕುವ ಅಗತ್ಯವೇ ಕಾಣುವುದಿಲ್ಲ.