ಅರಿವಿನ ಹೊಣೆ ಯಾರದು?

ನೋವನ್ನೇ ಕೊಡದ ರೋಗವನ್ನು ಅರಿಯದೆ ಹೋದವನನ್ನು ತಪ್ಪಿತಸ್ಥನೆನ್ನಬಹುದೇ ಎಂಬುದು ನೀತಿಶಾಸ್ತ್ರದ ಒಂದು ಹಳೆಯ ಜಿಜ್ಞಾಸೆಗೆ, ಅಂದರೆ ಅಜ್ಞಾನಕ್ಕೆ ಮನುಷ್ಯ ಎಷ್ಟರ ಮಟ್ಟಿಗೆ ಹೊಣೆ ಎಂಬುದಕ್ಕೆ, ಸೇರಿದ ಪ್ರಶ್ನೆ. ಜನ ಬಿಪಿ ಎಂದು ಕರೆಯುವ ಅಧಿಕ ರಕ್ತದೊತ್ತಡವು, ಎಂದರೆ ರಕ್ತವು ಅಪಧಮನಿಗಳ ಗೋಡೆಯ ಮೇಲೆ ಸದಾ ಮಿತಿಮೀರಿ ಹೇರುವ ಒತ್ತಡವು, ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರದೆ ಹೃದಯ, ಮಿದುಳು, ಮೂತ್ರಪಿಂಡಗಳನ್ನು ವರ್ಷಗಟ್ಟಲೆ ಕೆಡಿಸುವುದರಿಂದ, ಅಳೆಯದ ಹೊರತು ಅದನ್ನು ಅರಿಯುವ ದಾರಿಯಿಲ್ಲ. ಅಜಾಗರೂಕತೆಯಿಂದ ತಾನೇ ತಂದುಕೊಂಡ ಅಜ್ಞಾನ ದಂಡನಾರ್ಹವೆಂದು ಅರಿಸ್ಟಾಟಲ್ ಬಗೆದನು. ಮಾಪಕವೇ ತಲುಪದ ಕೇರಿಯ ಬಡವನಿಗೆ ಆ ಮಾತು ಸಲ್ಲದು.

ಅಮೆರಿಕದ ಕಪ್ಪು ಜನರ ವಿಷಯದಲ್ಲಿ ಬಡತನದ ಜೊತೆಗೆ ಅಪನಂಬಿಕೆಯೂ ಇದೆ. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರದ ಆರೋಗ್ಯ ಸೇವೆಯೇ ಸಿಫಿಲಿಸ್ ಪೀಡಿತ ಕಪ್ಪು ಪುರುಷರಿಗೆ ಚಿಕಿತ್ಸೆ ಕೊಡದೆ ರೋಗದ ಗತಿಯನ್ನು ನೋಡುತ್ತ ಕುಳಿತದ್ದನ್ನು ಬಲ್ಲವರು ವೈದ್ಯರನ್ನು ಶಂಕಿಸಿದರೆ ಅದನ್ನು ಮೌಢ್ಯವೆನ್ನುವುದು ಅನ್ಯಾಯ. ಆದ್ದರಿಂದಲೇ ಹೃದ್ರೋಗ ತಜ್ಞ ರೊನಾಲ್ಡ್ ವಿಕ್ಟರ್ ಮತ್ತು ಸಂಗಡಿಗರು ಕಪ್ಪು ಪುರುಷರ ರಕ್ತದೊತ್ತಡ ಇಳಿಸುವ ಅಧ್ಯಯನಕ್ಕೆ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಅವರು ಹೋಗುವ 52 ಕ್ಷೌರದಂಗಡಿಗಳನ್ನು, ಅಂದರೆ ನಂಬಿಕೆ ಆಗಲೇ ನೆಲೆಸಿದ್ದ ಸ್ಥಳಗಳನ್ನು, ಆರಿಸಿಕೊಂಡರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಫಾರ್ಮಸಿಸ್ಟರು ಅಂಗಡಿಗೇ ಬಂದು ಔಷಧಿ ನೀಡಿದ ಗುಂಪಿನ ಸಂಕೋಚನ ಒತ್ತಡ, ಅಂದರೆ ಹೃದಯ ಕುಗ್ಗುವಾಗಿನ ಮೇಲಿನ ಅಂಕಿ, ಆರು ತಿಂಗಳಲ್ಲಿ ಸರಾಸರಿ 27 ಮಿ.ಮೀ. ಪಾದರಸದಷ್ಟು ಇಳಿಯಿತು, ಕ್ಷೌರಿಕರು ತಿಳಿವಳಿಕೆ ಹೇಳಿ ವೈದ್ಯರ ಬಳಿ ಹೋಗಲು ಪ್ರೇರೇಪಿಸಿದ ಗುಂಪಿನಲ್ಲಿ ಇಳಿದದ್ದು ಸುಮಾರು 9 ಮಾತ್ರ. ಅರಿವೂ ಕ್ರಿಯೆಯೂ ಕೂಡಿಯೇ ಫಲ ಕೊಡುತ್ತವೆ ಎಂಬ ಜ್ಞಾನಕರ್ಮಸಮುಚ್ಚಯ ವಾದವನ್ನು ಮೋಕ್ಷದ ವಿಷಯದಲ್ಲಿ ಶಂಕರರು ಒಪ್ಪಲಿಲ್ಲ. ರಕ್ತದೊತ್ತಡದ ಮಟ್ಟಿಗಂತೂ ಆ ವಾದವೇ ಗೆದ್ದಿದೆ.